ಮೂರು ಸೊನ್ನೆ ಬಂದರೆ ಟ್ಯಾಂಕ್ ಸಿದ್ಧವೇ?

ಉಪ್ಪುನೀರಿನ ಅಕ್ವೇರಿಯಂ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ಇದು ನನ್ನ ಮೊದಲ ಉಪ್ಪುನೀರಿನ ಟ್ಯಾಂಕ್. 100 ಲೀಟರಿನದು. ಒಣ ಕಲ್ಲು, ಮರಳು ಹಾಕಿ ಉಪ್ಪುನೀರು ತುಂಬಿ ಇವತ್ತಿಗೆ 12 ದಿನ. ಪಂಪ್, ಹೀಟರ್ ಹಗಲೂ ರಾತ್ರಿ ಓಡುತ್ತಿವೆ. ನೀರು ಕನ್ನಡಿಯ ಹಾಗಿದೆ. ನಿನ್ನೆ ಟೆಸ್ಟ್ ಮಾಡಿದೆ: ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 0. ಸೈಕಲ್ ಮುಗಿದಿದೆ ಅಂತ ಅರ್ಥ ಅಲ್ವಾ? ಪರಿಚಯದವರೊಬ್ಬರು, ‘ಮೊದಲು ಎರಡು ಡ್ಯಾಮ್ಸೆಲ್ ಬಿಡಿ, ಅವು ಗಟ್ಟಿ ಮೀನು. ಅವು ಬದುಕಿದರೆ ಆಮೇಲೆ ಕ್ಲೌನ್ ಮೀನು ತನ್ನಿ’ ಅಂದರು. ಮಗಳು ಶಾಲೆಯಿಂದ ಬಂದವಳೇ ಖಾಲಿ ಟ್ಯಾಂಕಿನ ಮುಂದೆ ಕೂರುತ್ತಾಳೆ. ಈ ವಾರ ಮೀನು ಬಿಡಬಹುದೇ?

ಉತ್ತರ: ದಯವಿಟ್ಟು ಬಿಡಬೇಡಿ. ನಿಮ್ಮ ಟ್ಯಾಂಕಿನಲ್ಲಿ ಸೈಕಲ್, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆದು ನಿಲ್ಲುವುದು, ಮುಗಿಯುವುದಿರಲಿ, ಶುರುವೇ ಆಗಿಲ್ಲ. ಹನ್ನೆರಡು ದಿನ ನೀರು ಸುತ್ತಿದೆ, ಅಷ್ಟೇ.

ನಿಮ್ಮ ಟೆಸ್ಟ್ ಕಿಟ್ ತಪ್ಪು ಹೇಳಿಲ್ಲ. ಸೈಕಲ್ ಮುಗಿದ ಟ್ಯಾಂಕಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಇರುತ್ತದೆ ನಿಜ. ಆದರೆ ನೈಟ್ರೇಟ್ ಸೊನ್ನೆ ಇರುವುದಿಲ್ಲ. ಅಮೋನಿಯಾ ಎಲ್ಲಿಗೆ ಹೋಯಿತು ಅನ್ನುವುದಕ್ಕೆ ನೈಟ್ರೇಟೇ ಗುರುತು. ಮೂರೂ ಸೊನ್ನೆ ಅಂದರೆ ಅಮೋನಿಯಾ ಬಂದೇ ಇಲ್ಲ ಅಂತ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮೋನಿಯಾ ಹಾಕಿದ ಮಾತು ಎಲ್ಲೂ ಇಲ್ಲ. ಒಣ ಕಲ್ಲಿನಲ್ಲಿ ಕೊಳೆಯುವಂಥದ್ದೂ ಹೆಚ್ಚೇನೂ ಇರಲಿಲ್ಲ. ನಾವು ಸಾಕಬೇಕಾದ ಬ್ಯಾಕ್ಟೀರಿಯಾಗೆ ಹನ್ನೆರಡು ದಿನದಿಂದ ಊಟವೇ ಸಿಕ್ಕಿಲ್ಲ.

ಮೀನು ಉಸಿರಾಡುವಾಗಲೇ ಕಿವಿರಿನ ಮೂಲಕ ಅಮೋನಿಯಾ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟೇನೂ ಅಪಾಯವಲ್ಲ, ನೀರು ಬದಲಿಸಿದಾಗ ಹೊರಗೆ ಹೋಗುತ್ತದೆ. ಈ ಎರಡು ಗುಂಪು ಕಲ್ಲು, ಮರಳು, ಫಿಲ್ಟರಿನ ಸ್ಪಂಜಿಗೆ ಅಂಟಿಕೊಂಡು ಬೇಕಾದಷ್ಟು ಬೆಳೆಯುವುದಕ್ಕೇ ಸೈಕಲ್ ಅನ್ನುತ್ತೇವೆ. ಅವು ನೀರಿನಲ್ಲಿ ತೇಲಾಡುವುದು ಬಹಳ ಕಡಿಮೆ. ಹಾಗಾಗಿ ನೀರು ಎಷ್ಟು ತಿಳಿಯಾಗಿದೆ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ.

ಇವು ನಿಧಾನದ ಜೀವಿಗಳು. ನಮ್ಮ ಕರುಳಿನಲ್ಲಿರುವ ಇ. ಕೋಲಿಯಂಥ ಬ್ಯಾಕ್ಟೀರಿಯಾ ಒಳ್ಳೆಯ ಊಟ ಸಿಕ್ಕರೆ 20 ನಿಮಿಷಕ್ಕೆ ಒಂದಿದ್ದದ್ದು ಎರಡಾಗುತ್ತದೆ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗೆ ಚೆನ್ನಾಗಿ ನೋಡಿಕೊಂಡರೂ ಎಂಟು ಗಂಟೆಯಿಂದ ಒಂದು ದಿನ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. 1890ರ ಹೊತ್ತಿಗೆ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಅನ್ನುವ ವಿಜ್ಞಾನಿ ಇವನ್ನು ಬೇರ್ಪಡಿಸಲು ಹೊರಟಾಗ, ಉಳಿದ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುವ ಪುಷ್ಟಿಯಾದ ಆಹಾರದಲ್ಲಿ ಇವು ಬೆಳೆಯಲೇ ಇಲ್ಲ. ಬರೀ ಖನಿಜ, ಅಮೋನಿಯಾ ಇರುವ ನೀರಿನಲ್ಲಿ ಇಟ್ಟ ಮೇಲೆ ಬೆಳೆದವು. ಅಮೋನಿಯಾದಿಂದಲೇ ಶಕ್ತಿ ಪಡೆದು ಬದುಕುತ್ತವೆ ಅಂತ ಅವರು ತೋರಿಸಿಕೊಟ್ಟರು. ಆ ಊಟದಲ್ಲಿ ಸಿಗುವ ಶಕ್ತಿಯೇ ಕಡಿಮೆ. ಅದಕ್ಕೇ ಈ ನಿಧಾನ.

ಉಪ್ಪುನೀರಿನಲ್ಲಿ ಅವಸರ ಯಾಕೆ ಇನ್ನೂ ಅಪಾಯ ಅಂದರೆ, ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅದರಿಂದ ತೊಂದರೆ ಕಡಿಮೆ. ಇನ್ನೊಂದು ಬಿಡಿ ಅಮೋನಿಯಾ, ಅದು ಕಿವಿರನ್ನು ಸುಡುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ಬಿಡಿ ಅಮೋನಿಯಾ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ನಿಮ್ಮ ಟ್ಯಾಂಕಿನ ಪಿಎಚ್ 8.2ರ ಆಸುಪಾಸು ಇರಬೇಕು. ಅಲ್ಲಿ ಅದು ಆರೇಳು ಪಾಲು ಆಗುತ್ತದೆ. ಕಿಟ್ ತೋರಿಸುವ ಅಂಕಿ ಎರಡು ಕಡೆಯೂ ಒಂದೇ, ಮೀನಿಗೆ ತಗಲುವ ಏಟು ಮಾತ್ರ ಹತ್ತು ಪಟ್ಟಿಗೂ ಜಾಸ್ತಿ.

ಆ ಏಟು ಹೇಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಮೊದಲ ಟ್ಯಾಂಕಿಗೆ ಒಂಬತ್ತನೇ ದಿನವೇ ಎರಡು ಪುಟ್ಟ ಕ್ಲೌನ್ ಮೀನು ತಂದೆ. ಆಗಲೂ ನೀರು ಕನ್ನಡಿಯ ಹಾಗೇ ಇತ್ತು. ಮೂರು ದಿನ ಚೆನ್ನಾಗಿಯೇ ಇದ್ದವು, ಕೊಟ್ಟಿದ್ದನ್ನು ತಿಂದವು. ನಾಲ್ಕನೇ ದಿನ ಬೆಳಗ್ಗೆ ದೀಪ ಹಾಕಿದಾಗ ಎರಡೂ ಮೇಲ್ಮೈಯಲ್ಲಿ, ಪಂಪಿನ ನೀರು ಬೀಳುವ ಮೂಲೆಯಲ್ಲಿ ನಿಂತಿದ್ದವು. ಚಿಕ್ಕದರ ಕಿವಿರಿನ ಮುಚ್ಚಳ ಪಟಪಟ ಬಡಿದುಕೊಳ್ಳುತ್ತಿತ್ತು. ಮುಚ್ಚಳ ಪೂರ್ತಿ ಮುಚ್ಚುತ್ತಲೇ ಇರಲಿಲ್ಲ, ಒಳಗೆ ಕಿವಿರಿನ ಅಂಚು ಕೆಂಪಗೆ ಊದಿಕೊಂಡಿದ್ದು ಕಾಣುತ್ತಿತ್ತು. ಆಗ ಹೋಗಿ ಟೆಸ್ಟ್ ಮಾಡಿದೆ. ಹಳದಿ ಇರಬೇಕಾದ ಟ್ಯೂಬ್ ಎಲೆಹಸಿರಾಗಿತ್ತು. ಅರ್ಧ ನೀರು ಬದಲಿಸಿದೆ. ಸಂಜೆಗೆ ಚಿಕ್ಕದು ಹೋಯಿತು. ಇನ್ನೊಂದು ಉಳಿಯಿತು, ಆದರೆ ತಿಂಗಳುಗಟ್ಟಲೆ ಅದರ ಉಸಿರಾಟ ಸರಿಯಾಗಲಿಲ್ಲ. ಅದು ನನ್ನ ತಪ್ಪು, ಮೀನಿನದಲ್ಲ. ನಿಮ್ಮ ಮಗಳು ಅದನ್ನು ನೋಡುವುದು ಬೇಡ.

ಡ್ಯಾಮ್ಸೆಲ್ ಸಲಹೆಗೂ ಇದೇ ಉತ್ತರ. ಅವು ಗಟ್ಟಿ ಮೀನು ನಿಜ. ಗಟ್ಟಿ ಅಂದರೆ ನೋವಾಗುವುದಿಲ್ಲ ಅಂತಲ್ಲ, ಸಾಯಲು ಜಾಸ್ತಿ ಹೊತ್ತು ಹಿಡಿಯುತ್ತದೆ ಅಂತ. ಬದುಕಿದರೂ ತೊಂದರೆ ತಪ್ಪಿದ್ದಲ್ಲ. ಮೊದಲು ಬಂದ ಡ್ಯಾಮ್ಸೆಲ್ ಇಡೀ ಟ್ಯಾಂಕ್ ತನ್ನದು ಅಂದುಕೊಳ್ಳುತ್ತದೆ, ಆಮೇಲೆ ಬಂದ ಮೀನನ್ನು ಅಟ್ಟಿಸಿಕೊಂಡು ಹೋಗಿ ಕಚ್ಚುತ್ತದೆ. ಅದನ್ನು ಹಿಡಿಯಬೇಕಾದರೆ ಜೋಡಿಸಿದ ಕಲ್ಲನ್ನೆಲ್ಲ ಹೊರಗೆ ತೆಗೆಯಬೇಕಾಗುತ್ತದೆ.

ಮೀನಿನ ಬದಲು ಅಮೋನಿಯಾವನ್ನೇ ನೇರವಾಗಿ ಹಾಕಿ. ಅದಕ್ಕೂ ಮೊದಲು ಎರಡು ಅಳತೆ ಸರಿಯಿದೆಯಾ ನೋಡಿಕೊಳ್ಳಿ. ಉಪ್ಪಿನ ಸಾಂದ್ರತೆ 1.025, ಅಂದರೆ ಸಾವಿರಕ್ಕೆ 35ರ ಹತ್ತಿರ. ಶಾಖ 26 ಡಿಗ್ರಿ. ಉಪ್ಪಿನ ಮಟ್ಟ ಅಳೆಯುವ ರಿಫ್ರ್ಯಾಕ್ಟೋಮೀಟರ್ ಇದ್ದರೆ ಅದನ್ನು ಸಾವಿರಕ್ಕೆ 35ರ ದ್ರಾವಣದಿಂದಲೇ ಸರಿಹೊಂದಿಸಿ. ಬರೀ ಶುದ್ಧ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಮೇಲಿನ ಅಂಕಿ ತಪ್ಪಬಹುದು.

ಅಕ್ವೇರಿಯಂಗೆಂದೇ ಸಿಗುವ ಅಮೋನಿಯಂ ಕ್ಲೋರೈಡ್ ದ್ರಾವಣ ಸುಲಭ. ಬಾಟಲಿಯ ಮೇಲಿನ ಲೆಕ್ಕದಂತೆ 2 ಪಿಪಿಎಂ, ಅಂದರೆ ಲೀಟರಿಗೆ 2 ಮಿಲಿಗ್ರಾಂ, ಬರುವಷ್ಟು ಹಾಕಿ. ಶುದ್ಧ ಪುಡಿ ಸಿಕ್ಕರೆ 100 ಲೀಟರ್ ನೀರಿಗೆ ಸುಮಾರು 0.6 ಗ್ರಾಂ. ನಿಮ್ಮದರಲ್ಲಿ ಕಲ್ಲು, ಮರಳು ಜಾಗ ತಿಂದು ನಿಜವಾದ ನೀರು 85 ಲೀಟರ್ ಇರಬಹುದು, ಅರ್ಧ ಗ್ರಾಂ ಸಾಕು. ನೆಲ ಒರೆಸಲು ಬಳಸುವ ಅಮೋನಿಯಾ ಬೇಡ, ಅದರಲ್ಲಿ ಸೋಪು, ಸುವಾಸನೆ ಬೆರೆತಿರುತ್ತದೆ. ಒಂದು ಸೀಗಡಿಯನ್ನು ಬಲೆ ಚೀಲದಲ್ಲಿ ಕಟ್ಟಿ ಕೊಳೆಯಲು ಬಿಡುವವರೂ ಇದ್ದಾರೆ. ಕೆಲಸ ಆಗುತ್ತದೆ, ಆದರೆ ಎಷ್ಟು ಅಮೋನಿಯಾ ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿರುವುದಿಲ್ಲ, ವಾಸನೆಯೂ ಸಹಿಸುವಂಥದ್ದಲ್ಲ.

2 ಪಿಪಿಎಂ ಅಂದರೆ ಎರಡೇ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಅಂತ ಅನ್ನಿಸುತ್ತದೆ. 5 ದಾಟಿದರೆ ಬೆಳೆಯಬೇಕಾದ ಬ್ಯಾಕ್ಟೀರಿಯಾಗೇ ಅಡ್ಡಿಯಾಗಬಹುದು.

ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾ ಹಾಕುವ ಹಾಗಿದ್ದರೆ ಉಪ್ಪುನೀರಿನದ್ದೇ ತನ್ನಿ, ಅವಧಿ ಮುಗಿದಿರಬಾರದು. ಹಾಕಿದ ಕೆಲವು ದಿನ ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ), ಯುವಿ ದೀಪ ಎರಡನ್ನೂ ಆರಿಸಿಡಿ. ಮೇಲಿನ ದೀಪ ಹೇಗೂ ಬೇಡ, ಈ ಬ್ಯಾಕ್ಟೀರಿಯಾಗೆ ಬೆಳಕು ಬೇಕಿಲ್ಲ, ಬೆಳಕಿದ್ದರೆ ಪಾಚಿಗೆ ಲಾಭ. ಪಂಪ್ ಮಾತ್ರ ನಿಲ್ಲಿಸಬೇಡಿ. ಅವಕ್ಕೆ ಆಮ್ಲಜನಕ ತುಂಬಾ ಬೇಕು.

ಇನ್ನು ಕಾಯುವುದು. ಸುಮ್ನೆ ಅಲ್ಲ, ಬರೆದುಕೊಂಡು. ಎರಡು ದಿನಕ್ಕೊಮ್ಮೆ ಟೆಸ್ಟ್ ಮಾಡಿ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ಮೂರು ಅಂಕಿ ಬರೆಯಿರಿ. ಎರಡನೇ ಸಲ ಟ್ಯಾಂಕ್ ಕಟ್ಟಿದಾಗ ನಾನು ಬರೆದದ್ದು ಈಗಲೂ ಇದೆ. ಮೊದಲ ದಿನ ಅಮೋನಿಯಾ 2. ಒಂಬತ್ತನೇ ದಿನವೂ 2, ಪಕ್ಕದಲ್ಲಿ ಎರಡು ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಹನ್ನೊಂದನೇ ದಿನ ಅಮೋನಿಯಾ 1, ನೈಟ್ರೈಟ್ ಟ್ಯೂಬ್ ಮೊದಲ ಸಲ ತಿಳಿನೀಲಿಯಿಂದ ನೇರಳೆಗೆ ತಿರುಗಿದೆ. ಅಂದಿನ ಖುಷಿ ಅಕ್ಷರದಲ್ಲೇ ಗೊತ್ತಾಗುತ್ತದೆ, ಎರಡು ಗೆರೆ ಎಳೆದಿದ್ದೇನೆ. ಹದಿನೇಳಕ್ಕೆ ಅಮೋನಿಯಾ ಸೊನ್ನೆ. ಮತ್ತೆ 2 ಪಿಪಿಎಂ ಹಾಕಿದೆ. ಇಪ್ಪತ್ತನಾಲ್ಕರಲ್ಲಿ ನೈಟ್ರೈಟ್ ಕಡುನೇರಳೆ, ಅಳತೆ ಕಾರ್ಡಿನ ಕೊನೆಯ ಬಣ್ಣವನ್ನೂ ದಾಟಿತ್ತು. ಮೂವತ್ತೊಂದನೇ ದಿನ ನೈಟ್ರೈಟ್ ಸೊನ್ನೆ. ಅಷ್ಟರಲ್ಲಿ ಒಟ್ಟು ನಾಲ್ಕು ಸಲ ಅಮೋನಿಯಾ ಹಾಕಿದ್ದೆ, ನೈಟ್ರೇಟ್ 30ರ ಹತ್ತಿರ ನಿಂತಿತ್ತು. ಲೆಕ್ಕ ಸರಿಯಾಗಿಯೇ ಇದೆ: 2 ಪಿಪಿಎಂ ಅಮೋನಿಯಾ ಪೂರ್ತಿ ಬದಲಾದರೆ 7 ಪಿಪಿಎಂ ಚಿಲ್ಲರೆ ನೈಟ್ರೇಟ್ ಆಗುತ್ತದೆ.

ನಿಮ್ಮದು ಇದೇ ದಿನಗಳಿಗೆ ಆಗಬೇಕೆಂದಿಲ್ಲ. ಒಣ ಕಲ್ಲಿನ ಟ್ಯಾಂಕಿಗೆ ನಾಲ್ಕರಿಂದ ಆರು ವಾರ ಸಾಮಾನ್ಯ. ಒಳ್ಳೆಯ ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಎರಡು ಮೂರು ವಾರಕ್ಕೂ ಆಗುವುದುಂಟು. ನಡುವೆ ನೈಟ್ರೈಟ್ ವಾರಗಟ್ಟಲೆ ಕದಲದೆ ಕೂರುತ್ತದೆ. ಎಲ್ಲರೂ ಗಾಬರಿಯಾಗುವುದು ಅಲ್ಲೇ. ಎರಡನೇ ಗುಂಪಿನ ಬ್ಯಾಕ್ಟೀರಿಯಾ ತಡವಾಗಿ ಏಳುತ್ತದೆ, ಅಷ್ಟೇ. ಆ ಹೊತ್ತಿನಲ್ಲಿ ನೈಟ್ರೇಟ್ ಟೆಸ್ಟನ್ನು ನಂಬಬೇಡಿ, ನೈಟ್ರೈಟ್ ಜಾಸ್ತಿ ಇದ್ದಾಗ ಅದು ಇಲ್ಲದ ನೈಟ್ರೇಟನ್ನೂ ತೋರಿಸುತ್ತದೆ.

ಕೊನೆಯ ಪರೀಕ್ಷೆ ಹೀಗೆ. ಸಂಜೆ 2 ಪಿಪಿಎಂ ಅಮೋನಿಯಾ ಹಾಕಿ. ಮರುದಿನ ಅದೇ ಹೊತ್ತಿಗೆ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ನೈಟ್ರೇಟ್ ಏರಿದೆ ಅಂದರೆ ನಿಮ್ಮ ಟ್ಯಾಂಕ್ ಸಿದ್ಧ. ಆಗ ಅರ್ಧ ನೀರು ಬದಲಿಸಿ ನೈಟ್ರೇಟ್ ಇಳಿಸಿ. ಹೊಸ ನೀರಿನ ಉಪ್ಪು, ಶಾಖ ಹಳೆಯದಕ್ಕೆ ಹೊಂದುವಂತಿರಲಿ. ಮೀನು ತರುವುದು ತಡವಾದರೆ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ಅಮೋನಿಯಾ ಹಾಕುತ್ತಿರಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ನೀರಿನಲ್ಲಿ ಯಾವತ್ತೂ ತೊಳೆಯಬೇಡಿ. ಕ್ಲೋರಿನ್ ಇದ್ದರೆ ತಿಂಗಳ ಕಷ್ಟ ಒಂದು ನಿಮಿಷದಲ್ಲಿ ಹೋಗುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿದರೆ ಸಾಕು.

ಮೊದಲಿಗೆ ಒಂದು ಅಥವಾ ಎರಡು ಕ್ಲೌನ್ ಮೀನು. ಬೇರೆ ಪುಟ್ಟ ಟ್ಯಾಂಕಿನಲ್ಲಿ ಅವನ್ನು ನಾಲ್ಕು ವಾರವಾದರೂ ಇಟ್ಟು ರೋಗ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಬಿಟ್ಟರೆ ತುಂಬಾ ಒಳ್ಳೆಯದು. ಬಿಳಿಚುಕ್ಕೆ ರೋಗ ಒಮ್ಮೆ ದೊಡ್ಡ ಟ್ಯಾಂಕಿಗೆ ಸೇರಿದರೆ ಓಡಿಸುವುದು ಕಷ್ಟ. ಮುಂದಿನ ಮೀನು ಎರಡು ಮೂರು ವಾರದ ನಂತರ.

ಮಗಳಿಗೆ ಅಲ್ಲಿಯವರೆಗೆ ಒಂದು ಕೆಲಸ ಕೊಡಿ. ಟೆಸ್ಟ್ ದಿನ ಹನಿ ಹಾಕುವುದು ನೀವೇ, ಕೆಲವು ದ್ರಾವಣ ಚರ್ಮ ಸುಡುತ್ತವೆ. ಐದು ನಿಮಿಷ ಕಳೆದ ಮೇಲೆ ಟ್ಯೂಬನ್ನು ಬಿಳಿ ಕಾಗದದ ಮುಂದೆ ಹಿಡಿದು ಬಣ್ಣ ಹೇಳುವುದು ಅವಳು, ನೋಟ್‌ಬುಕ್ಕಿನಲ್ಲಿ ಬರೆಯುವುದೂ ಅವಳು. ಟ್ಯಾಂಕ್ ಖಾಲಿಯಿಲ್ಲ, ಕಣ್ಣಿಗೆ ಕಾಣದ್ದನ್ನು ಸಾಕುತ್ತಿದ್ದೇವೆ ಅಂತ ಹೇಳಿ. ಮಕ್ಕಳಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ. ಮೂರು ವಾರದ ಅಂಕಿ ಬರೆದು ಕಳಿಸಿ, ನೋಡಿ ಹೇಳುತ್ತೇನೆ.

ಪ್ರಶ್ನೆ: ಹಳೆಯ ಉಪ್ಪುನೀರಿನ ಟ್ಯಾಂಕ್ ಮುಚ್ಚಿದವರೊಬ್ಬರು ಒಂದು ಬಕೆಟ್ ಕಲ್ಲು ಕೊಟ್ಟಿದ್ದಾರೆ. ಮೇಲೆ ಗುಂಡಿ ಗುಂಡಿಯಾಗಿ ಏನೋ ಕಂದು ಜೀವಿಗಳು ಅಂಟಿಕೊಂಡಿವೆ. ಕುದಿಯುವ ನೀರಿನಲ್ಲಿ ಹಾಕಿ ಶುದ್ಧ ಮಾಡಿ ಹೊಸ ಟ್ಯಾಂಕಿಗೆ ಬಳಸೋಣ ಅಂತಿದ್ದೇನೆ. ಎಷ್ಟು ಹೊತ್ತು ಕುದಿಸಬೇಕು?

ಉತ್ತರ: ಕುದಿಸಲೇಬೇಡಿ. ಬಿಸಿನೀರು ಸುರಿಯುವುದೂ ಬೇಡ. ನೀವು ಹೇಳುವ ಗುಂಡಿಯಂಥ ಜೀವಿಗಳು ಜೋಆಂಥಿಡ್ ಜಾತಿಯ ಹವಳಗಳಿರಬಹುದು. ಅವುಗಳಲ್ಲಿ ಕೆಲವದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಬಹಳ ಕಡು ವಿಷ ಇರುತ್ತದೆ. ಕಲ್ಲು ಕುದಿಸಿದರೆ ಅದು ಹಬೆಯ ಜೊತೆ ಗಾಳಿಗೆ ಬರುತ್ತದೆ. ಹೀಗೆ ಮಾಡಿ ಮನೆಮಂದಿಯೆಲ್ಲ ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರಿದ ಘಟನೆಗಳು ನಡೆದಿವೆ. ಬ್ರಶ್ ಹಾಕಿ ಉಜ್ಜುವುದೂ ಅಪಾಯವೇ, ಹನಿ ಕಣ್ಣಿಗೆ ಹಾರುತ್ತದೆ.

ಆ ಕಲ್ಲನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೈಯಲ್ಲಿ ಗಾಯವಿದ್ದರೆ ಆ ಕೆಲಸ ಬೇರೆಯವರಿಗೆ ಬಿಡಿ. ಹೊಸ ಟ್ಯಾಂಕ್ ಕಟ್ಟುತ್ತಿರುವ ನಿಮಗೆ ನನ್ನ ಸಲಹೆ ಅಂದರೆ, ಆ ಕಲ್ಲನ್ನು ಹವಳ ಸಾಕಿ ಅನುಭವ ಇರುವವರಿಗೆ ಕೊಟ್ಟುಬಿಡಿ, ನೀವು ಹೊಸ ಒಣ ಕಲ್ಲಿನಿಂದ ಶುರು ಮಾಡಿ. ಇನ್ನೊಂದು ಮಾತು: ಕಲ್ಲು ತೊಳೆಯಲು ಬ್ಲೀಚ್ ಬಳಸುವವರು ಅದೇ ನೀರಿಗೆ ಯಾವತ್ತೂ ಅಮೋನಿಯಾ ಸೇರಿಸಬಾರದು. ಎರಡೂ ಬೆರೆತರೆ ವಿಷಾನಿಲ ಬರುತ್ತದೆ.

ಪ್ರಶ್ನೆ: ಮೂರು ವಾರದಲ್ಲಿ ಉಪ್ಪಿನ ಸಾಂದ್ರತೆ 1.025 ಇದ್ದದ್ದು 1.029 ಆಗಿದೆ. ನೀರು ಕಡಿಮೆಯಾದಷ್ಟು ಉಪ್ಪುನೀರನ್ನೇ ಬೆರೆಸಿ ತುಂಬಿಸುತ್ತಿದ್ದೇನೆ. ಪಂಪಿನ ತಂತಿಯ ಮೇಲೂ ಬಿಳಿ ಪುಡಿ ಕಟ್ಟಿದೆ.

ಉತ್ತರ: ಆವಿಯಾಗುವುದು ನೀರು ಮಾತ್ರ, ಉಪ್ಪು ಟ್ಯಾಂಕಿನಲ್ಲೇ ಉಳಿಯುತ್ತದೆ. ಅದರ ಮೇಲೆ ನೀವು ಮತ್ತೆ ಉಪ್ಪು ಹಾಕುತ್ತಿದ್ದೀರಿ. ತುಂಬಿಸಬೇಕಾದ್ದು ಉಪ್ಪಿಲ್ಲದ ಆರ್‌ಓ ನೀರು. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಗೆರೆ ಎಳೆದುಕೊಳ್ಳಿ, ದಿನಾ ಅಲ್ಲಿಯವರೆಗೆ ತುಂಬಿಸಿ. ಈಗ ಏರಿರುವುದನ್ನು ಇಳಿಸಲು ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಆರ್‌ಓ ನೀರು ಹಾಕಿ, ಎರಡು ಮೂರು ದಿನದಲ್ಲಿ ನಿಧಾನವಾಗಿ.

ತಂತಿಯ ಬಿಳಿ ಪುಡಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಉಪ್ಪು ತಂತಿ ಹಿಡಿದು ಪ್ಲಗ್‌ವರೆಗೆ ಹೋಗುತ್ತದೆ, ಜೊತೆಗೆ ನೀರಿನ ಹನಿಯೂ. ಪ್ಲಗ್ ಕಿತ್ತು, ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಹಾಕಿ. ಪ್ರತಿ ತಂತಿಯೂ ಪ್ಲಗ್‌ಗಿಂತ ಕೆಳಗೆ ಜೋತುಬಿದ್ದು ಆಮೇಲೆ ಮೇಲೆ ಹೋಗುವ ಹಾಗಿರಲಿ. ಆಗ ಹನಿ ಆ ತಗ್ಗಿನಿಂದ ನೆಲಕ್ಕೆ ಬೀಳುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ. ಟ್ಯಾಂಕಿನೊಳಗೆ ಕೈ ಹಾಕುವ ಮುಂಚೆ ಹೀಟರ್, ಪಂಪ್ ಎಲ್ಲದರ ಪ್ಲಗ್ ಕೀಳುವುದನ್ನು ರೂಢಿ ಮಾಡಿಕೊಳ್ಳಿ. ಕೆಲಸ ಮುಗಿದ ಮೇಲೆ ಮತ್ತೆ ಹಾಕಿದ್ದೀರಾ ಅಂತ ಒಮ್ಮೆ ನೋಡಿಕೊಳ್ಳಿ. ಪಂಪ್ ರಾತ್ರಿಯಿಡೀ ನಿಂತರೆ ಬ್ಯಾಕ್ಟೀರಿಯಾಗೂ ಮೀನಿಗೂ ಉಸಿರು ಕಟ್ಟುತ್ತದೆ.

ಪ್ರಶ್ನೆ: ಸೈಕಲ್ ಮುಗಿಯಿತು, ಅಳತೆ ಎಲ್ಲ ಸರಿಯಿದೆ. ಆದರೆ ಈ ವಾರ ಮರಳು, ಕಲ್ಲು, ಗಾಜು ಎಲ್ಲದರ ಮೇಲೂ ಕಂದು ಪದರ ಬಂದಿದೆ. ಎಲ್ಲ ತೆಗೆದು ತೊಳೆದು ಮತ್ತೆ ಶುರು ಮಾಡಲೇ?

ಉತ್ತರ: ಬೇಡ, ಬೇಡ. ಬೆರಳಲ್ಲಿ ಗಾಜು ಒರೆಸಿ ನೋಡಿ. ಧೂಳಿನ ಹಾಗೆ ಹಗುರವಾಗಿ ಎದ್ದು ಬಂದರೆ ಅದು ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ. ನೀರು, ಮರಳಿನಲ್ಲಿರುವ ಸಿಲಿಕೇಟ್ ಬಳಸಿ ಬೆಳೆಯುತ್ತದೆ. ಹೊಸ ಟ್ಯಾಂಕಿಗೆಲ್ಲ ಸಾಮಾನ್ಯವಾಗಿ ಬರುತ್ತದೆ, ಕೆಲವು ವಾರದಲ್ಲಿ ತಾನೇ ಕಡಿಮೆಯಾಗುತ್ತದೆ. ಅದು ಹೋದ ಮೇಲೆ ಸ್ವಲ್ಪ ಹಸಿರು ಪಾಚಿಯೂ ಬರಬಹುದು. ಗಾಜನ್ನು ಮಾತ್ರ ಒರೆಸಿಕೊಳ್ಳಿ. ದೀಪ ದಿನಕ್ಕೆ ಆರು ಗಂಟೆಗೆ ಇಳಿಸಿ. ಆರ್‌ಓ ಯಂತ್ರದ ಫಿಲ್ಟರ್ ಬದಲಿಸುವ ಕಾಲ ಬಂದಿದೆಯೇ ನೋಡಿ.

ಈಗ ಬಸವನಹುಳುಗಳನ್ನು ತರಬಹುದು, ಅವಕ್ಕೆ ತಿನ್ನಲು ಏನಾದರೂ ಇದೆ. ಮೊದಲಿಗೆ ಎರಡು ಮೂರು ಸಾಕು. ಉಪ್ಪಿನ ಮಟ್ಟ ತಟ್ಟನೆ ಬದಲಾದರೆ ಅವು ತಡೆಯುವುದಿಲ್ಲ. ಬಂದ ನೀರಿಗೆ ನಿಮ್ಮ ಟ್ಯಾಂಕಿನ ನೀರನ್ನು ಸಣ್ಣ ಕೊಳವೆಯಿಂದ ಒಂದು ಗಂಟೆ ಹನಿ ಹನಿಯಾಗಿ ಬಿಟ್ಟು, ಆಮೇಲೆ ಕೈಯಲ್ಲಿ ಎತ್ತಿ ಬಾಯಿ ಕೆಳಗೆ ಮಾಡಿ ಕಲ್ಲಿನ ಮೇಲೆ ಇಡಿ. ಕೆಲವು ಜಾತಿಯ ಹುಳು ಮಗುಚಿ ಬಿದ್ದರೆ ತಾವಾಗಿ ತಿರುಗಿಕೊಳ್ಳಲಾರವು.